ಬಿಸಿಲು ಕಾಯುವ ಜೀವಗಳು: ರೋಣ, ನರಗುಂದ, ಗಜೇಂದ್ರಗಡದ ಸರೀಸೃಪಗಳ ಪರಿಚಯ



ಪಿಯುಸಿಯಲ್ಲಿ ಬಯಾಲಜಿಗೆ ಕೈಮುಗಿದು, ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಹಿಡಿದು ಇಲ್ಲಿಗೆ ಬಂದವರು ನಮ್ಮಲ್ಲಿ ಬಹಳ ಜನ. ‘ಸರೀಸೃಪ’ ಅಂದ ಕೂಡಲೇ ನೆನಪಾಗೋದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ನಾಲ್ಕು ಪಾಯಿಂಟು: ಶೀತರಕ್ತ, ಹುರುಪೆಯ ಚರ್ಮ, ಶ್ವಾಸಕೋಶದ ಉಸಿರಾಟ, ಚಿಪ್ಪಿರುವ ಮೊಟ್ಟೆ. ಪರೀಕ್ಷೆ ಮುಗಿದ ಮೇಲೆ ಅವನ್ನು ಯಾರೂ ತಿರುಗಿ ನೋಡಿಲ್ಲ.

ಆದರೆ ನಮ್ಮಲ್ಲಿ ಎಷ್ಟೋ ಜನರ ಮನೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಇದೆ. ಅಪ್ಪ-ಅವ್ವ ಇವತ್ತಿಗೂ ಎರಿ ಹೊಲದಲ್ಲಿ ದುಡೀತಾರೆ, ರಾತ್ರಿ ನೀರು ಹಾಯಿಸೋಕೆ ಹೋಗ್ತಾರೆ, ಬೇಸಿಗೆಯಲ್ಲಿ ಅಂಗಳದಲ್ಲೋ ಮಾಳಿಗೆ ಮೇಲೋ ಮಲಗ್ತಾರೆ. ಹಾವು ಯಾವ ತಿಂಗಳು, ಯಾವ ಹೊತ್ತಿಗೆ, ಎಲ್ಲಿ ಇರುತ್ತೆ ಅನ್ನೋ ಪ್ರಶ್ನೆ ಅವರಿಗೆ ದಿನಾ ಎದುರಾಗುವಂಥದ್ದು. ಅದಕ್ಕೆ ಉತ್ತರ ಇರೋದು ಆ ನಾಲ್ಕು ಪಾಯಿಂಟುಗಳಲ್ಲೇ. ಅವನ್ನು ಈ ಸಲ ನಮ್ಮ ಊರಿನ ಮಣ್ಣಿನ ಮೇಲೆ ಇಟ್ಟು ನೋಡೋಣ.

ಸರೀಸೃಪ ಅಂದ್ರೆ ಯಾರು?

ಸಂಸ್ಕೃತದಲ್ಲಿ ‘ಸೃಪ್’ ಅಂದ್ರೆ ಹರಿದಾಡು, ತೆವಳು. ‘ಸರ್ಪ’, ‘ಸರೀಸೃಪ’ ಎರಡೂ ಅಲ್ಲಿಂದಲೇ ಬಂದ ಪದಗಳು. ಜಗತ್ತಿನಲ್ಲಿ ಇವತ್ತು 12,000ಕ್ಕೂ ಹೆಚ್ಚು ಜಾತಿಯ ಸರೀಸೃಪಗಳಿವೆ. ವಿಜ್ಞಾನಿಗಳು ಅವನ್ನು ನಾಲ್ಕು ಗುಂಪು ಮಾಡ್ತಾರೆ.

1. ಹಾವು ಮತ್ತು ಹಲ್ಲಿಗಳ ಗುಂಪು. ನೂರಕ್ಕೆ 95ಕ್ಕಿಂತ ಹೆಚ್ಚು ಸರೀಸೃಪಗಳು ಇದರಲ್ಲೇ ಬರ್ತವೆ. ಹಲ್ಲಿ, ಓತಿಕ್ಯಾತ, ಹಾವುರಾಣಿ, ಊಸರವಳ್ಳಿ, ಉಡ, ಎಲ್ಲ ಹಾವುಗಳು ಇಲ್ಲಿವೆ.

2. ಆಮೆಗಳು. ಒಟ್ಟು 350ಕ್ಕೂ ಹೆಚ್ಚು ಜಾತಿ.

3. ಮೊಸಳೆಗಳು. ಎಲ್ಲ ಸೇರಿ 30 ಜಾತಿ ಕೂಡ ಇಲ್ಲ. ನರಗುಂದ ಮತ್ತು ರೋಣ ತಾಲೂಕುಗಳ ಅಂಚಿನಲ್ಲಿ ಹರಿಯುವ ಮಲಪ್ರಭೆ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತೆ. ಆ ಕೃಷ್ಣೆಯಲ್ಲಿ ಮೊಸಳೆಗಳಿವೆ. ದಾಂಡೇಲಿಯ ಕಾಳಿ ನದಿಯ ಮೊಸಳೆಗಳನ್ನು ಟ್ರಿಪ್ಪಿಗೆ ಹೋದವರು ನೋಡಿರ್ತೀರಿ.

4. ಟುವಾಟಾರ. ನೋಡೋಕೆ ದೊಡ್ಡ ಓತಿಕ್ಯಾತದ ಹಾಗೆ ಇರುತ್ತೆ. ನ್ಯೂಜಿಲೆಂಡಿನಲ್ಲಿ ಮಾತ್ರ ಉಳಿದಿರುವ ಒಂದೇ ಒಂದು ಜಾತಿ.

ಒಂದು ಮಜಾ ಅಂದ್ರೆ, ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಅತಿ ಹತ್ತಿರದ ಸಂಬಂಧಿ ಹಲ್ಲಿಯೂ ಅಲ್ಲ, ಆಮೆಯೂ ಅಲ್ಲ, ಪಕ್ಷಿ. ನಮ್ಮ ಅಂಗಳದ ಕೋಳಿಗೂ ಮೊಸಳೆಗೂ ಹಳೇ ಬಳಗ.

ನೀರು ಉಳಿಸುವ ಮೈ

ಮೊದಲ ಲಕ್ಷಣ ಹುರುಪೆ. ನಮ್ಮ ಉಗುರು, ಕೂದಲು ಯಾವ ಕೆರಾಟಿನ್‌ನಿಂದ ಆಗಿದೆಯೋ ಹುರುಪೆಯೂ ಅದರಿಂದಲೇ ಆದದ್ದು. ಕಪ್ಪೆಯ ಚರ್ಮ ಸದಾ ಒದ್ದೆ ಇರಬೇಕು, ಯಾಕಂದ್ರೆ ಅದು ಚರ್ಮದಿಂದಲೂ ಉಸಿರಾಡುತ್ತೆ. ಸರೀಸೃಪದ್ದು ಒಣ ಚರ್ಮ, ಮೈಯೊಳಗಿನ ನೀರು ಸುಲಭವಾಗಿ ಆವಿಯಾಗೋದಿಲ್ಲ. ಹಾವು ಜಾರುತ್ತೆ, ಲೊಳೆ ಲೊಳೆ ಇರುತ್ತೆ ಅಂತ ಮುಟ್ಟದವರು ಹೇಳ್ತಾರೆ. ನಿಜಕ್ಕೂ ಅದರ ಮೈ ಒಣಗಿದ್ದು, ನುಣುಪು.

ಎರಡನೇ ನೀರಿನ ಉಳಿತಾಯ ನಿಮ್ಮ ಹಾಸ್ಟೆಲ್ ಗೋಡೆಯ ಬುಡದಲ್ಲೇ ಸಿಗುತ್ತೆ. ಹಲ್ಲಿಯ ಹಿಕ್ಕೆ ನೋಡಿ, ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತೆ. ಅದು ಯೂರಿಕ್ ಆಮ್ಲ. ನಾವು ಯೂರಿಯಾವನ್ನು ಹೊರಹಾಕೋಕೆ ಲೀಟರುಗಟ್ಟಲೆ ನೀರು ಕುಡಿದು ಮೂತ್ರ ಮಾಡಬೇಕು. ಹಲ್ಲಿ ಅದೇ ಕಸವನ್ನು ಹೆಚ್ಚು ಕಡಿಮೆ ಒಣ ಪುಡಿಯಾಗಿ ಹೊರಹಾಕುತ್ತೆ.

ಮೂರನೆಯದು ಮೊಟ್ಟೆ. ಕಪ್ಪೆ ಮೊಟ್ಟೆ ಇಡೋಕೆ ನೀರು ಬೇಕು. ಸರೀಸೃಪದ ಮೊಟ್ಟೆಯೊಳಗೆ ಮರಿಗೆ ಬೇಕಾದ ನೀರು, ಆಹಾರ, ಕಸದ ಚೀಲ ಎಲ್ಲ ಪ್ಯಾಕ್ ಆಗಿರುತ್ತೆ. ಆದ್ದರಿಂದ ಮಣ್ಣಿನ ಬಿಲದಲ್ಲಿ, ತಿಪ್ಪಿಯಲ್ಲಿ, ಕಲ್ಲಿನ ಸಂದಿಯಲ್ಲಿ ಇಟ್ಟರೂ ನಡೆಯುತ್ತೆ. ಹಾಗಂತ ಎಲ್ಲ ಹಾವೂ ಮೊಟ್ಟೆ ಇಡೋದಿಲ್ಲ. ನಾಗರಹಾವು, ಕಟ್ಟುಹಾವು, ಕೇರೆಹಾವು ಮೊಟ್ಟೆ ಇಡ್ತವೆ. ಕೊಳಕುಮಂಡಲ, ಗರಗಸ ಮಂಡಲ ನೇರವಾಗಿ ಮರಿ ಹಾಕ್ತವೆ.

ಈ ಮೂರೂ ಸೇರಿದ್ದರಿಂದಲೇ ಮಳೆ ಕಡಿಮೆ ಇರುವ ನಮ್ಮ ಬಯಲುಸೀಮೆಯಲ್ಲಿ, ನೀರಿಲ್ಲದ ಗಜೇಂದ್ರಗಡದ ಕಲ್ಲುಗುಡ್ಡದ ಮೇಲೂ ಸರೀಸೃಪಗಳು ಆರಾಮಾಗಿ ಇರೋದು.

ಇನ್ನು ಹೃದಯದ ಮಾತು. ಹಾವು, ಹಲ್ಲಿ, ಆಮೆಗಳ ಹೃದಯಕ್ಕೆ ಮೂರು ಕೋಣೆ, ಮೊಸಳೆಗೆ ಮಾತ್ರ ನಮ್ಮ ಹಾಗೆ ನಾಲ್ಕು. ಕ್ವಿಜ್‌ನಲ್ಲಿ ಕೇಳ್ತಾರೆ, ನೆನಪಿಡಿ.

‘ಶೀತರಕ್ತ’ ಅನ್ನೋ ತಪ್ಪು ಹೆಸರು

ಈಗ ಮುಖ್ಯ ಲಕ್ಷಣಕ್ಕೆ ಬರೋಣ. ಸರೀಸೃಪಗಳ ರಕ್ತ ತಣ್ಣಗೆ ಇರುತ್ತೆ ಅಂತ ತಿಳಿಯೋದು ತಪ್ಪು. ಬೇಲಿ ಮೇಲೆ ಬಿಸಿಲಿಗೆ ಕೂತ ಓತಿಕ್ಯಾತದ ಮೈ ಕೆಲವೊಮ್ಮೆ ನಮ್ಮ 37 ಡಿಗ್ರಿಯ ಹತ್ತಿರವೇ ಇರುತ್ತೆ. ವ್ಯತ್ಯಾಸ ಇರೋದು ಆ ಶಾಖ ಎಲ್ಲಿಂದ ಬಂತು ಅನ್ನೋದರಲ್ಲಿ. ನಾವು ಊಟ ಸುಟ್ಟು ಶಾಖ ಮಾಡ್ಕೋತೀವಿ. ಓತಿಕ್ಯಾತ ಸೂರ್ಯನಿಂದ ತಗೊಳ್ಳುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಸ್ತನಿ ಅಂದ್ರೆ 24 ಗಂಟೆ ಹೀಟರ್ ಆನ್ ಇಟ್ಟ ಮನೆ. ಸರೀಸೃಪ ಅಂದ್ರೆ ತಾನೇ ನಡೆದು ಬಿಸಿಲಿಗೆ ಹೋಗುವ ಸೋಲಾರ್ ಪ್ಯಾನಲ್. ಅದರೊಳಗೂ ಪಕ್ಕಾ ಫೀಡ್‌ಬ್ಯಾಕ್ ಕಂಟ್ರೋಲ್ ಇದೆ. ಮೆದುಳು ಮೈಯ ತಾಪಮಾನ ಅಳೆಯುತ್ತೆ. ಕಡಿಮೆ ಆದ್ರೆ ಬಿಸಿಲಿಗೆ ಬಾ, ಹೆಚ್ಚಾದ್ರೆ ನೆರಳಿಗೆ ಹೋಗು ಅನ್ನುತ್ತೆ. ಹೀಟ್ ಟ್ರಾನ್ಸ್‌ಫರ್ ಕ್ಲಾಸಿನ ಮೂರೂ ದಾರಿ ಇಲ್ಲಿವೆ: ಸೂರ್ಯನಿಂದ ವಿಕಿರಣ, ಕಾದ ಕಲ್ಲಿನಿಂದ ಹೊಟ್ಟೆಗೆ ವಹನ, ಬೀಸುವ ಗಾಳಿಯಿಂದ ಸಂವಹನ. ತೆಳ್ಳಗೆ ಉದ್ದ ಇರುವ ಹಾವಿಗೆ ಗಾತ್ರಕ್ಕೆ ಹೋಲಿಸಿದ್ರೆ ಮೈಯ ಮೇಲ್ಮೈ ಬಹಳ. ಅದಕ್ಕೆ ಬೇಗ ಕಾಯುತ್ತೆ, ಬೇಗ ಆರುತ್ತೆ. ಸುರುಳಿ ಸುತ್ತಿಕೊಂಡರೆ ಹೊರಗೆ ಕಾಣುವ ಮೇಲ್ಮೈ ಕಡಿಮೆಯಾಗಿ ಶಾಖ ಉಳಿಯುತ್ತೆ.

ಇದರಿಂದ ಲಾಭ ಏನು? ಎನರ್ಜಿ ಬಿಲ್. ಒಂದೇ ತೂಕದ ಸಸ್ತನಿಗೆ ಬೇಕಾಗುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗದಲ್ಲಿ ಸರೀಸೃಪದ ಬದುಕು ನಡೆಯುತ್ತೆ. ಒಂದು ದೊಡ್ಡ ಇಲಿ ನುಂಗಿದ ಹಾವು ಎಷ್ಟೋ ದಿನ ಬೇಟೆಗೆ ಹೋಗದೆ ಬಿದ್ದಿರಬಹುದು.

ನಷ್ಟವೂ ಇದೆ. ಮೈ ತಣ್ಣಗಾದ್ರೆ ಓಡೋಕೆ ಆಗೋದಿಲ್ಲ, ತಿಂದದ್ದು ಜೀರ್ಣ ಆಗೋದಿಲ್ಲ. ಮೈ 40 ಡಿಗ್ರಿ ದಾಟಿ ಏರುತ್ತಾ ಹೋದ್ರೆ ಹಾವು ಸತ್ತೇ ಹೋಗುತ್ತೆ. ಆದ್ದರಿಂದ ಹಾವಿನ ಟೈಮ್‌ಟೇಬಲ್ ಬರೆಯೋದು ಹವಾಮಾನ.

ಎರಿ ಮಣ್ಣಿನ ಕ್ಯಾಲೆಂಡರ್

ಸಿವಿಲ್ ಬ್ರ್ಯಾಂಚಿನವರಿಗೆ ನಮ್ಮ ಕಡೆಯ ಕಪ್ಪು ಮಣ್ಣು ಅಂದ್ರೆ ತಲೆನೋವು. ಮಳೆಗೆ ಹಿಗ್ಗುತ್ತೆ, ಬಿಸಿಲಿಗೆ ಕುಗ್ಗುತ್ತೆ, ಅಡಿಪಾಯ ಸೀಳುತ್ತೆ. ಬೇಸಿಗೆಯಲ್ಲಿ ರೋಣ, ನರಗುಂದದ ಎರಿ ಹೊಲಕ್ಕೆ ಹೋದರೆ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ದೊಡ್ಡ ಬಿರುಕುಗಳು ಕಾಣ್ತವೆ. ಸರೀಸೃಪಗಳಿಗೆ ಆ ಬಿರುಕುಗಳು ತಂಪಾದ ನೆಲಮಾಳಿಗೆ. ಮೇಲೆ ನೆಲ ಕಾದು ಹಂಚಾಗಿದ್ರೂ ಕೆಳಗೆ ತಾಪಮಾನ ಹಿತವಾಗಿರುತ್ತೆ. ಹುತ್ತವೂ ಹಾಗೇ. ಕಟ್ಟೋದು ಗೆದ್ದಲು, ಒಳಗೆ ಗಾಳಿ, ತೇವ ಒಂದೇ ಮಟ್ಟದಲ್ಲಿ ಇರುತ್ತೆ, ಸೇರಿಕೊಳ್ಳೋದು ಹಾವು.

ಇದನ್ನು ತಲೆಯಲ್ಲಿಟ್ಟುಕೊಂಡು ವರ್ಷವನ್ನು ನೋಡಿ.

ಚಳಿಗಾಲ. ಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರೋ ಕಾಲ. ರಾತ್ರಿ ತಣ್ಣಗೆ ಇರೋದರಿಂದ ಹಾವುಗಳು ಬೆಳಿಗ್ಗೆ ಬಿಸಿಲು ಕಾಯೋಕೆ ಬದುವಿನ ಮೇಲೆ, ಒಡ್ಡಿನ ಕಲ್ಲಿನ ಮೇಲೆ, ಕಾಲುದಾರಿಯಲ್ಲಿ ಬರ್ತವೆ. ರಾತ್ರಿ ತಿರುಗುವ ಕೊಳಕುಮಂಡಲ ಕೂಡ ಈ ದಿನಗಳಲ್ಲಿ ಹಗಲು ಹೊರಗೆ ಕಾಣುತ್ತೆ.

ಬೇಸಿಗೆ. ಹಗಲೆಲ್ಲ ಬಿರುಕು, ಬಿಲ, ಕಣಿಕಿ ಬಣವಿಯ ಬುಡ. ಕತ್ತಲಾದ ಮೇಲೆ ಸಂಚಾರ. ನಾವು ಸೆಕೆಗೆ ಹೊರಗೆ ಮಲಗೋದೂ ಆವಾಗಲೇ. ಬಿಸಿ ಉಳಿಸಿಕೊಂಡಿರೋ ಡಾಂಬರು ರಸ್ತೆ ಮೇಲೆ ರಾತ್ರಿ ಹಾವುಗಳು ಸಾಯೋದಕ್ಕೂ ಒಂದು ಕಾರಣ ಇದೇ.

ಮುಂಗಾರು. ಮಳೆ ಬಿದ್ದ ಕೂಡಲೇ ಎರಿ ಮಣ್ಣು ಹಿಗ್ಗಿ ಬಿರುಕು ಮುಚ್ಚುತ್ತೆ, ಬಿಲಕ್ಕೆ ನೀರು ನುಗ್ಗುತ್ತೆ. ಮನೆ ಕಳಕೊಂಡ ಹಾವು ಒಣ ಜಾಗ ಹುಡುಕಿ ನಮ್ಮ ಮನೆ ಕಡೆ ಬರುತ್ತೆ. ಕಪ್ಪೆ ಹೊರಬಂದಿರ್ತವೆ, ತಿನ್ನೋಕೆ ಸುಗ್ಗಿ. ರೈತರು ಬಿತ್ತನೆಗೆ, ಕಳೆ ತೆಗೆಯೋಕೆ ಬಗ್ಗಿ ಕೆಲಸ ಮಾಡೋ ದಿನಗಳೂ ಇವೇ. ದೇಶದಲ್ಲಿ ಹಾವು ಕಡಿತ ಜಾಸ್ತಿ ಆಗೋದು ಜೂನ್‌ನಿಂದ ಸೆಪ್ಟೆಂಬರ್ ನಡುವೆ.

ಈ ಲೆಕ್ಕಕ್ಕೆ ಎಲೆಕ್ಟ್ರಿಕಲ್‌ನವರು ಇನ್ನೊಂದು ಸಾಲು ಸೇರಿಸಬೇಕು. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ರಾತ್ರಿಯೇ ಹೊಲಕ್ಕೆ ಹೋಗ್ತಾನೆ. ಒದ್ದೆ ಮಣ್ಣು, ಬರಿಗಾಲು, ಕತ್ತಲು, ಬೇಟೆಗೆ ಹೊರಟ ಹಾವು, ಎಲ್ಲವೂ ಒಂದೇ ಹೊತ್ತಿಗೆ ಸೇರಿದಂತಾಗುತ್ತೆ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೆ ಸೋಲಾರ್ ಜೋಡಿಸಿ ಹಗಲು ಕರೆಂಟು ಕೊಡುವ ಭಾಗ ಇದೆ. ಅದನ್ನು ನಾವು ಕಿಲೋವ್ಯಾಟ್ ಲೆಕ್ಕದಲ್ಲಿ ಮಾತ್ರ ಓದ್ತೀವಿ. ಹಗಲು ನೀರು ಹಾಯಿಸೋ ರೈತ ಹಾವನ್ನು ಕಣ್ಣಾರೆ ನೋಡಿ ಪಕ್ಕಕ್ಕೆ ಸರೀತಾನೆ ಅನ್ನೋದೂ ಆ ಪ್ರಾಜೆಕ್ಟಿನ ಫಲವೇ.

ಗೋಡೆ, ಬೇಲಿ, ಕೋಟೆ

ಹಲ್ಲಿಗಳ ಕಡೆ ಹೊರಳೋಣ. ಮನೆಹಲ್ಲಿ ಗಾಜಿನ ಮೇಲೂ ಹತ್ತೋದು ಅಂಟಿನಿಂದಲ್ಲ, ಗಾಳಿ ಹೀರಿಯೂ ಅಲ್ಲ. ಅಂಗಾಲಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಎಳೆಗಳಿವೆ. ಒಂದೊಂದು ಎಳೆಯ ತುದಿ ಮತ್ತೆ ನೂರಾರು ಕವಲಾಗುತ್ತೆ, ಕವಲಿನ ಅಗಲ ಸುಮಾರು 200 ನ್ಯಾನೋಮೀಟರ್. ಅಷ್ಟು ಹತ್ತಿರ ಹೋದಾಗ ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತವೇ ಮೈಯ ತೂಕ ಹೊರುತ್ತೆ. 2000 ಮತ್ತು 2002ರಲ್ಲಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ಕೆಮಿಸ್ಟ್ರಿಯಲ್ಲಿ ‘ದುರ್ಬಲ ಬಲ’ ಅಂತ ಓದಿದ್ದನ್ನು ಲಕ್ಷಾಂತರ ಸಲ ಕೂಡಿಸಿದ್ರೆ ಎಷ್ಟಾಗುತ್ತೆ ಅನ್ನೋದಕ್ಕೆ ಹಲ್ಲಿಯೇ ಉದಾಹರಣೆ. ಇನ್ನೊಂದು ಮಾತು, ನಮ್ಮ ಮನೆಹಲ್ಲಿಗೆ ವಿಷ ಇಲ್ಲ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತ ಗಾದೆ ಇದೆ. ಬೇಲಿಗೂಟದ ಮೇಲೆ ಕೂತು ತಲೆ ಅಲ್ಲಾಡಿಸೋದು ಯಾರಿಗೋ ಸಾಕ್ಷಿ ಹೇಳೋಕಲ್ಲ, ಇದು ನನ್ನ ಜಾಗ ಅಂತ ಇನ್ನೊಂದು ಗಂಡಿಗೆ ತಿಳಿಸೋಕೆ. ಎತ್ತರದ ಗೂಟ ಬಿಸಿಲು ಕಾಯೋಕೂ ಒಳ್ಳೆ ಜಾಗ.

ಇನ್ನು ಉಡ. ಗಜೇಂದ್ರಗಡವನ್ನು ಆಳಿದ್ದು ಮರಾಠಾ ಘೋರ್ಪಡೆ ಮನೆತನ. ಮರಾಠಿಯಲ್ಲಿ ‘ಘೋರ್ಪಡ್’ ಅಂದ್ರೆ ಉಡ. ಮನೆತನದ ಹಿರಿಯರೊಬ್ಬರು ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತಿದ್ದಕ್ಕೆ ಆ ಹೆಸರು ಬಂತು ಅನ್ನೋದು ಐತಿಹ್ಯ. ಕಥೆ ಹೇಗೇ ಇರಲಿ, ಉಡದ ಉಗುರಿನ ಹಿಡಿತ ಜೋರು ಅನ್ನೋದು ನಿಜ. ಅದಕ್ಕಿಂತ ದೊಡ್ಡ ವಿಶೇಷ ಅದರ ಉಸಿರಾಟದಲ್ಲಿದೆ. ಸಾಮಾನ್ಯ ಹಲ್ಲಿ ಓಡುವಾಗ ಮೈ ಎಡಕ್ಕೆ ಬಲಕ್ಕೆ ಬಾಗುತ್ತೆ, ಪಕ್ಕೆಲುಬಿನ ಸ್ನಾಯುಗಳು ಆ ಕೆಲಸದಲ್ಲೇ ಇರೋದರಿಂದ ಸರಿಯಾಗಿ ಉಸಿರು ಎಳೆಯೋಕೆ ಆಗೋದಿಲ್ಲ. ಅದಕ್ಕೇ ಸ್ವಲ್ಪ ಓಡಿ ನಿಲ್ಲುತ್ತೆ. ಉಡ ಮಾತ್ರ ಗಂಟಲನ್ನು ಪಂಪಿನ ಹಾಗೆ ಬಳಸಿ ಶ್ವಾಸಕೋಶಕ್ಕೆ ಗಾಳಿ ತಳ್ಳುತ್ತೆ, ಹಾಗಾಗಿ ದೂರ ಓಡಬಲ್ಲದು. ಇಷ್ಟೊಳ್ಳೆ ಪ್ರಾಣಿಯನ್ನು ಮಾಂಸಕ್ಕೆ, ‘ಔಷಧಿ ಎಣ್ಣೆ’ಗೆ ಅಂತ ಕೊಲ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಉಡ ಇದೆ, ಅಂದ್ರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ.

ಗಾಳಿಯಂತ್ರದ ಕೆಳಗಿನ ಹಲ್ಲಿ

ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ದೂರದಿಂದ ಮೊದಲು ಕಾಣೋದು ಗಾಳಿಯಂತ್ರಗಳು. ಇಂಥದ್ದೇ ಇನ್ನೊಂದು ಜಾಗ ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳಕೇವಾಡಿ ಪ್ರಸ್ಥಭೂಮಿ. ಬೆಂಗಳೂರಿನ ಐಐಎಸ್‌ಸಿಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಅಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಗಾಳಿಯಂತ್ರ ಇರುವ ಕಡೆ ಹದ್ದು-ಗಿಡುಗಗಳಂಥ ಬೇಟೆಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಹಕ್ಕಿ ಕಡಿಮೆಯಾದ ಮೇಲೆ ನೆಲದ ಮೇಲಿನ ಒಂದು ಜಾತಿಯ ಹಲ್ಲಿ ಬಹಳ ಹೆಚ್ಚಿತು. ಇದರ ಗಂಡು ಗಂಟಲ ಕೆಳಗಿನ ಬಣ್ಣದ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುತ್ತೆ. ಸಂಖ್ಯೆ ಹೆಚ್ಚಿದ್ದಷ್ಟೇ ಅಲ್ಲ, ಹಲ್ಲಿಯ ಸ್ವಭಾವವೇ ಬದಲಾಯ್ತು. ಭಯದ ಹಾರ್ಮೋನ್ ಇಳಿಯಿತು, ಮನುಷ್ಯ ಬಹಳ ಹತ್ತಿರ ಬಂದರೂ ಓಡದಾಯ್ತು. ಆಹಾರಕ್ಕೆ ಪೈಪೋಟಿ ಹೆಚ್ಚಿ ಮೈ ಸೊರಗಿತು, ಗಂಡಿನ ಬೀಸಣಿಗೆಯ ಬಣ್ಣವೂ ಮಂಕಾಯ್ತು.

ಗಾಳಿ ವಿದ್ಯುತ್ ಬೇಡ ಅನ್ನೋದು ಇದರ ಅರ್ಥ ಅಲ್ಲ. ಆದರೆ ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಒಂದು ಗುಡ್ಡದ ಮೇಲೆ ಯಂತ್ರ ನಿಲ್ಲಿಸೋಕೆ ಸರ್ವೆ ಮಾಡ್ತೀರಿ. ಆಗ ಗಾಳಿಯ ವೇಗ, ಮಣ್ಣಿನ ಧಾರಣ ಶಕ್ತಿಯ ಜೊತೆಗೆ ಅಲ್ಲಿನ ಹಕ್ಕಿ, ಹಲ್ಲಿಯನ್ನೂ ಮೊದಲೇ ಎಣಿಸಿ. ಮೊದಲು ಎಣಿಸದಿದ್ರೆ ಆಮೇಲೆ ಏನು ಬದಲಾಯ್ತು ಅಂತ ಹೇಳೋಕೆ ಆಧಾರವೇ ಇರೋದಿಲ್ಲ.

ಹಾವು: ಗೊತ್ತಿರಬೇಕಾದದ್ದು

ಹಾವಿಗೆ ಕಣ್ಣುರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದಂಥ ಪಾರದರ್ಶಕ ಹುರುಪೆ ಇದೆ, ಪೊರೆ ಬಿಡುವಾಗ ಅದೂ ಕಳಚಿ ಬರುತ್ತೆ. ಹೊರಕಿವಿ ಇಲ್ಲ. ನೆಲದ ಕಂಪನ ದವಡೆಯ ಎಲುಬಿನಿಂದ ಒಳಕಿವಿಗೆ ಹೋಗುತ್ತೆ. ಪುಂಗಿಗೆ ನಾಗರಹಾವು ತಲೆದೂಗುತ್ತೆ ಅಂತೀವಿ, ಅದು ನೋಡ್ತಿರೋದು ಪುಂಗಿಯ ಚಲನೆಯನ್ನು. ನಾಲಿಗೆ ಹೊರಚಾಚೋದು ವಾಸನೆ ಹಿಡಿಯೋಕೆ. ನಾಲಿಗೆಯ ಎರಡು ತುದಿ ಎರಡು ಕಡೆಯ ಕಣಗಳನ್ನು ಹಿಡಿದು ಬಾಯಿಯ ಮೇಲ್ಛಾವಣಿಯ ಅಂಗಕ್ಕೆ ಮುಟ್ಟಿಸ್ತವೆ, ವಾಸನೆ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುತ್ತೆ. ಎರಡು ಸೆನ್ಸರ್ ಇಟ್ಟು ದಿಕ್ಕು ಕಂಡುಹಿಡಿಯೋ ಉಪಾಯವೇ ಇದು.

ನಮ್ಮ ಕಡೆ ಕಾಣುವ ಕೇರೆಹಾವು, ನೀರುಹಾವು, ಮಣ್ಣುಮುಕ್ಕ ಹಾವು ಇವ್ಯಾವೂ ವಿಷದ ಹಾವಲ್ಲ. ಕೇರೆಹಾವು ಎರಡು ಮೀಟರ್ ಮೀರಿ ಬೆಳೆಯುತ್ತೆ, ನೋಡಿದವರು ನಾಗರ ಅಂತ ಹೊಡೆದು ಹಾಕ್ತಾರೆ. ಕಡಲೆ, ಜೋಳ, ಶೇಂಗಾ ಬೆಳೆಯುವ ಊರಿನಲ್ಲಿ ಇಲಿ ಹಿಡಿಯೋಕೆ ಸಂಬಳ ಕೇಳದ ಆಳು ಅದು. ಮೊಂಡು ಬಾಲದ ಮಣ್ಣುಮುಕ್ಕವನ್ನು ‘ಎರಡು ತಲೆ ಹಾವು’ ಅಂತ ಲಕ್ಷಗಟ್ಟಲೆ ರೂಪಾಯಿಗೆ ಮಾರೋ ದಂಧೆ ಇದೆ. ಇರೋದು ಒಂದೇ ತಲೆ. ಕೊಂಡವರಿಗೆ ಸಿಗೋದು ಅದೃಷ್ಟ ಅಲ್ಲ, ಪೊಲೀಸ್ ಕೇಸು.

ದೇಶದಲ್ಲಿ ಹಾವಿನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ನಾಲ್ಕು ಹಾವು.

ನಾಗರಹಾವು: ಹೆಡೆ ಎತ್ತುತ್ತೆ, ಬುಸುಗುಡುತ್ತೆ, ಎಚ್ಚರಿಕೆ ಕೊಡುತ್ತೆ. ವಿಷ ನರಗಳಿಗೆ ಹತ್ತುತ್ತೆ, ಕಚ್ಚಿದ ಜಾಗ ಊದಿ ಕೊಳೆಯೋದೂ ಉಂಟು.

ಕಟ್ಟುಹಾವು: ಕಪ್ಪು ಮೈ ಮೇಲೆ ತೆಳ್ಳನೆ ಬಿಳಿ ಪಟ್ಟಿ. ಪೂರಾ ರಾತ್ರಿಯ ಹಾವು, ನೆಲದ ಮೇಲೆ ಮಲಗಿದವರಿಗೆ ಕಚ್ಚೋದು ಹೆಚ್ಚು. ನೋವು, ಬಾವು ಇಲ್ಲದಂತೆ ಇರುತ್ತೆ, ಇರುವೆ ಕಚ್ಚಿತೇನೋ ಅಂತ ಜನ ಮತ್ತೆ ಮಲಗ್ತಾರೆ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ಕಣ್ಣುರೆಪ್ಪೆ ಜೋತು ಬೀಳೋದು, ಮಾತು ತೊದಲೋದು, ಕೊನೆಗೆ ಉಸಿರೇ ನಿಲ್ಲೋದು.

ಕೊಳಕುಮಂಡಲ: ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂಥ ಕಂದು ಮಚ್ಚೆ, ಕುಕ್ಕರ್ ಸೀಟಿಯಂಥ ಜೋರು ಸದ್ದು. ವಿಷ ರಕ್ತ ಹೆಪ್ಪುಗಟ್ಟೋದನ್ನು ಕೆಡಿಸುತ್ತೆ, ಮೂತ್ರಪಿಂಡ ಹಾಳು ಮಾಡುತ್ತೆ.

ಗರಗಸ ಮಂಡಲ: ಚಿಕ್ಕದು, ಒಂದು ಮೊಳದಷ್ಟು. ಒಣ, ಕಲ್ಲು ನೆಲದ ಹಾವು. ಮೈ ಹುರುಪೆಗಳನ್ನೇ ಒಂದಕ್ಕೊಂದು ಉಜ್ಜಿ ಗರಗಸದ ಹಾಗೆ ಸದ್ದು ಮಾಡುತ್ತೆ. ಇದರ ವಿಷವೂ ರಕ್ತಕ್ಕೆ.

ಪಂಚಮಿಯ ನಾಗಪ್ಪ

ನಮ್ಮ ಕಡೆ ಪಂಚಮಿ ಅಂದ್ರೆ ದೊಡ್ಡ ಹಬ್ಬ. ಉಂಡಿ, ಅಳ್ಳು, ಜೋಕಾಲಿ, ತವರಿಗೆ ಬರುವ ಹೆಣ್ಣುಮಕ್ಕಳು. ನಾಗಪ್ಪನಿಗೆ ಹಾಲು ಎರೆಯೋದು ಹಬ್ಬದ ನಡುವಿನ ಕೆಲಸ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಹಳೇ ಕಾಲದ ಕಲ್ಲಿನ ಪುಷ್ಕರಣಿಗೆ ಹೆಸರೇ ನಾಗಕುಂಡ. ಬಾದಾಮಿಯ ಮೊದಲ ಗುಹೆಯ ಛಾವಣಿಯಲ್ಲೂ ನಾಗರಾಜ ಇದ್ದಾನೆ. ಈ ನೆಲದಲ್ಲಿ ಹಾವಿಗೆ ಮರ್ಯಾದೆ ಹಳೇದು.

ಶ್ರಾವಣದ ಆ ದಿನಗಳು ಮೇಲಿನ ಕ್ಯಾಲೆಂಡರಿನಲ್ಲಿ ಎಲ್ಲಿ ಬೀಳ್ತವೆ ನೋಡಿ. ನಾಗರಹಾವು ಬೇಸಿಗೆಯ ಕೊನೆ ಹೊತ್ತಿಗೆ ಸಾಮಾನ್ಯವಾಗಿ 10ರಿಂದ 30 ಮೊಟ್ಟೆ ಇಡುತ್ತೆ, ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತೆ. ಅಂದ್ರೆ ಪಂಚಮಿಯ ಆಜುಬಾಜು ಹೊಲದಲ್ಲಿ ಮರಿಗಳು ಓಡಾಡೋ ಕಾಲ. ಮರಿಗೂ ಮೊದಲ ದಿನದಿಂದಲೇ ವಿಷ ಇರುತ್ತೆ. ಪಂಚಮಿ ದಿನ ನೆಲ ಅಗಿಯಬಾರದು, ನೇಗಿಲು ಹೂಡಬಾರದು ಅನ್ನೋ ಪದ್ಧತಿ ಈ ಲೆಕ್ಕಕ್ಕೆ ಸರಿಯಾಗೇ ಹೊಂದುತ್ತೆ. ಹಾಲಿನ ವಿಷಯ ಮಾತ್ರ ತಿಳಿದಿರಲಿ: ಹಾಲು ಹಾವಿನ ಆಹಾರ ಅಲ್ಲ. ಕಲ್ಲು ನಾಗಪ್ಪನಿಗೆ ಎರೆದರೆ ತೊಂದರೆ ಇಲ್ಲ, ಹಿಡಿದು ತಂದ ಜೀವಂತ ಹಾವಿಗೆ ಕುಡಿಸೋದು ಅದಕ್ಕೆ ಹಿಂಸೆ.

ಕಚ್ಚಿದರೆ ಏನು ಮಾಡಬೇಕು?

2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ಮದ್ದು ಒಂದೇ, ಪ್ರತಿವಿಷ. ಹಾವಿನ ವಿಷವನ್ನು ಸಣ್ಣ ಪ್ರಮಾಣದಲ್ಲಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಬೆಳೆದ ಪ್ರತಿಕಾಯಗಳಿಂದ ತಯಾರಿಸ್ತಾರೆ. ಇದಕ್ಕೆ ಬೇಕಾದ ವಿಷದ ಬಹುಪಾಲು ಬರೋದು ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ನಾಲ್ಕೂ ಹಾವಿಗೆ ಒಂದೇ ಔಷಧಿ, ಆದ್ದರಿಂದ ಹಾವನ್ನು ಹೊಡೆದು ಆಸ್ಪತ್ರೆಗೆ ತರೋ ಅಗತ್ಯ ಇಲ್ಲ. ಮಕ್ಕಳಿಗೂ ದೊಡ್ಡವರಿಗೂ ಪ್ರಮಾಣ ಒಂದೇ, ಯಾಕಂದ್ರೆ ಹಾವು ಆಳು ನೋಡಿ ವಿಷ ಅಳೆದು ಕೊಡೋದಿಲ್ಲ. ರಕ್ತ ಕೆಟ್ಟಿದೆಯೇ ಅಂತ ನೋಡೋ ಪರೀಕ್ಷೆ ಬಹಳ ಸರಳ: 2 ಮಿಲಿ ರಕ್ತವನ್ನು ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ವಾಲಿಸಿ ನೋಡ್ತಾರೆ. ಹೆಪ್ಪುಗಟ್ಟಿಲ್ಲ ಅಂದ್ರೆ ಮಂಡಲದ ವಿಷದ ಅನುಮಾನ.

ಮನೆಯವರಿಗೆ ಹೇಳಬೇಕಾದ್ದು ಇಷ್ಟು:

1. ಗಾಬರಿ ಬೇಡ, ಓಡಬೇಡಿ. ಉಂಗುರ, ಬಳೆ, ಕಾಲುಂಗುರ, ಗಡಿಯಾರ ತೆಗೆಯಿರಿ.

2. ಕಚ್ಚಿದ ಕೈ ಅಥವಾ ಕಾಲನ್ನು, ಮೂಳೆ ಮುರಿದಾಗ ಮಾಡುವ ಹಾಗೆ, ಕೋಲಿಗೆ ಸಡಿಲವಾಗಿ ಕಟ್ಟಿ ಅಲ್ಲಾಡದಂತೆ ಇಡಿ.

3. ಹಗ್ಗ ಬಿಗಿದು ಕಟ್ಟೋದು, ಬ್ಲೇಡಿನಿಂದ ಕೊಯ್ಯೋದು, ಬಾಯಿಂದ ಹೀರೋದು, ಬರೆ ಹಾಕೋದು ಬೇಡ.

4. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಮಂತ್ರ, ನಾಟಿ ಬೇರು ಅಂತ ಕಳೆಯುವ ಒಂದೊಂದು ಗಂಟೆಯೂ ಜೀವದ ಮೇಲೆ ಬೀಳುತ್ತೆ.

5. ನೋವಿಲ್ಲ, ಬಾವಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಕಟ್ಟುಹಾವಿನ ಮಾತು ನೆನಪಿರಲಿ.

ಕಚ್ಚದ ಹಾಗೆ ನೋಡಿಕೊಳ್ಳೋದು ಇನ್ನೂ ಸುಲಭ. ಮಂಚದ ಮೇಲೆ ಮಲಗೋದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸೋದು, ರಾತ್ರಿ ಹೊಲಕ್ಕೆ ಬೂಟು ಮತ್ತು ಬ್ಯಾಟರಿ, ಕಣಿಕಿ, ಕುಳ್ಳು, ಕಟ್ಟಿಗೆಗೆ ಕೈ ಹಾಕೋ ಮುಂಚೆ ಕೋಲಿನಿಂದ ಬಡಿಯೋದು, ಕಾಳಿನ ಚೀಲ ಮಲಗೋ ಕೋಣೆಯಲ್ಲಿ ಇಡದಿರೋದು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಾವು ಮನೆಯೊಳಗೆ ಬಂದ್ರೆ ದೂರ ನಿಂತು ಅರಣ್ಯ ಇಲಾಖೆಗೋ ತರಬೇತಿ ಪಡೆದ ಉರಗ ರಕ್ಷಕರಿಗೋ ತಿಳಿಸಿ. ರೀಲ್ಸ್‌ಗಾಗಿ ಬಾಲ ಹಿಡಿಯೋ ಸಾಹಸ ಬೇಡ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಹಿರಿಯರು ಹೇಳ್ತಾರೆ. ಹಾವು ಯಾವ ಹೊತ್ತಿಗೆ ಎಲ್ಲಿರುತ್ತೆ ಅಂತ ತಿಳಿದವನಿಗೆ ಕೋಲು ಎತ್ತೋ ಪ್ರಸಂಗವೇ ಕಡಿಮೆ. ಈ ಸಲ ಪಂಚಮಿಗೆ ಊರಿಗೆ ಹೋದಾಗ ಉಂಡಿ ತಿನ್ನುತ್ತಾ ಈ ಐದು ಮಾತನ್ನು ಅಪ್ಪ-ಅವ್ವನಿಗೆ ಹೇಳಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೇ ಅಂತ ವಿಚಾರಿಸಿ, ಅಲ್ಲಿಯ ಫೋನ್ ನಂಬರನ್ನು ಮನೆಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟು ಬನ್ನಿ.